ರೈಸ್ ಕುಕ್ಕರ್ ಕೊಳ್ಳುವ ಮುನ್ನ: ನಿಮ್ಮ ಅಡುಗೆಮನೆಗೆ ಅದು ಬೇಕೇ, ಬೇಡವೇ?

ಅನ್ನ ಮಾಡಲೆಂದೇ ಒಂದು ಬೇರೆ ಯಂತ್ರ ಬೇಕಾ? ಗ್ಯಾಸ್ ಒಲೆ ಇದೆ, ಪ್ರೆಶರ್ ಕುಕ್ಕರ್ ಇದೆ, ಕೆಲವರ ಮನೆಯಲ್ಲಿ ಇಂಡಕ್ಷನ್ ಒಲೆಯೂ ಇದೆ. ಇಷ್ಟೆಲ್ಲ ಇರುವಾಗ ಎರಡು-ಮೂರು ಸಾವಿರ ಕೊಟ್ಟು ರೈಸ್ ಕುಕ್ಕರ್ ತಂದರೆ ಅದು ಕಟ್ಟೆಯ ಮೇಲೆ ಉಳಿಯುತ್ತದೋ, ಆರು ತಿಂಗಳಲ್ಲಿ ಅಟ್ಟ ಸೇರುತ್ತದೋ ಎಂಬ ಅಳುಕು ನ್ಯಾಯವಾದದ್ದೇ. ಅಟ್ಟ ಸೇರಿದ ರೈಸ್ ಕುಕ್ಕರುಗಳನ್ನು ಸಾಕಷ್ಟು ಮನೆಗಳಲ್ಲಿ ನೋಡಿದ್ದೇನೆ. ದಿನಕ್ಕೆರಡು ಹೊತ್ತು ದುಡಿಯುತ್ತ ವರ್ಷಾನುಗಟ್ಟಲೆ ಬಾಳಿದವನ್ನೂ ನೋಡಿದ್ದೇನೆ. ಈ ವ್ಯತ್ಯಾಸಕ್ಕೆ ಕಂಪನಿಯಾಗಲಿ ಬೆಲೆಯಾಗಲಿ ಕಾರಣವಾಗಿದ್ದು ಕಡಿಮೆ. ಆ ಮನೆಯಲ್ಲಿ ಅನ್ನವನ್ನು ಯಾರು, ಎಷ್ಟು ಹೊತ್ತಿಗೆ, ಯಾವುದರ ಜೊತೆ ಬೇಯಿಸುತ್ತಾರೆ ಎಂಬುದರ ಮೇಲೇ ಎಲ್ಲ ನಿಂತಿತ್ತು.

ಹಾಗಾಗಿ ಈ ಲೇಖನದಲ್ಲಿ ಅಂಗಡಿಯ ಮಾತು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಮನೆಯಲ್ಲೇ ನೋಡಿಕೊಳ್ಳಬೇಕಾದ ಸಂಗತಿಗಳಿವೆ.

ಮೊದಲು ಇದು ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ರೈಸ್ ಕುಕ್ಕರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೆಲ್ಲ ಇಲ್ಲೇ ಅಡಗಿದೆ.

ಪರಿಚಯದವರ ಮನೆಯಲ್ಲಿ ಒಂದಿದ್ದರೆ ಒಳಪಾತ್ರೆ ಎತ್ತಿ ನೋಡಿ. ತಳದಲ್ಲಿ ದುಂಡನೆಯ ಅಲ್ಯೂಮಿನಿಯಂ ಬಿಸಿತಟ್ಟೆ, ಅದರ ನಟ್ಟನಡುವೆ ನಾಣ್ಯಕ್ಕಿಂತ ತುಸು ದೊಡ್ಡದಾದ ಗುಂಡಿ. ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನ ಮೇಲೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಆ ಗುಂಡಿಯೊಳಗೆ ಆಯಸ್ಕಾಂತವಿದೆ. ನೀವು ಹೊರಗಿನ ಸ್ವಿಚ್ ಒತ್ತಿದಾಗ ಆಯಸ್ಕಾಂತ ಅಂಟಿಕೊಂಡು ಕರೆಂಟನ್ನು ಹಿಡಿದಿಡುತ್ತದೆ. ಪಾತ್ರೆಯಲ್ಲಿ ನೀರಿರುವಷ್ಟು ಹೊತ್ತು ತಳದ ಬಿಸಿ ನೀರಿನ ಕುದಿಬಿಂದುವಿನಲ್ಲೇ ನಿಲ್ಲುತ್ತದೆ, ಅಂದರೆ 100 ಡಿಗ್ರಿಯ ಆಸುಪಾಸಿನಲ್ಲಿ. ಅಕ್ಕಿ ನೀರನ್ನೆಲ್ಲ ಹೀರಿ, ಉಳಿದದ್ದು ಆವಿಯಾಗಿ ಹೋದ ಮೇಲೆ ತಳ ಅದಕ್ಕಿಂತ ಮೇಲೆ ಕಾಯತೊಡಗುತ್ತದೆ. ಬಿಸಿ 103 ಡಿಗ್ರಿಯ ಸುತ್ತಮುತ್ತ ಮುಟ್ಟಿದಾಗ ಆಯಸ್ಕಾಂತ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಅದನ್ನು ಬಿಡಿಸುತ್ತದೆ, 'ಟಕ್' ಎಂದು ಸ್ವಿಚ್ ಮೇಲೇಳುತ್ತದೆ.

ಅಂದರೆ ಈ ಯಂತ್ರಕ್ಕೆ ಅನ್ನ ಬೆಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ತಿಳಿಯುವುದು ನೀರು ಮುಗಿದದ್ದು ಮಾತ್ರ. ನೀವು ಎಷ್ಟು ನೀರು ಹಾಕಿದಿರೋ ಅಷ್ಟು ಹೊತ್ತು ಅದು ಬೇಯಿಸುತ್ತದೆ. ಬೇಳೆ, ಕುಚ್ಚಲಕ್ಕಿ, ಪೊಂಗಲ್ ಎಂದು ಮುಂದೆ ಬರುವ ಮಾತುಗಳಿಗೆಲ್ಲ ಇದೊಂದೇ ಕಾರಣ.

ಈ ಉಪಕರಣ ಹುಟ್ಟಿದ್ದು ಜಪಾನಿನಲ್ಲಿ. ತಾನಾಗಿ ಆರುವ ವಿದ್ಯುತ್ ರೈಸ್ ಕುಕ್ಕರನ್ನು ತೋಷಿಬಾ ಕಂಪನಿ 1955ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದವರು ಯೋಶಿತಾದ ಮಿನಾಮಿ. ಹಗಲು ರಾತ್ರಿ ಅನ್ನ ಬೇಯಿಸಿ, ಬಿಸಿ ಅಳೆದು, ಹೊತ್ತು ಬರೆದಿಟ್ಟು ಪರೀಕ್ಷೆ ಮಾಡಿದವರು ಅವರ ಹೆಂಡತಿ ಫುಮಿಕೋ. ಆ ಮೊದಲ ಮಾದರಿಯಲ್ಲಿ ಎರಡು ಪಾತ್ರೆಗಳಿದ್ದವು. ಹೊರಪಾತ್ರೆಗೆ ಹಾಕಿದ ನೀರು ಸುಮಾರು 20 ನಿಮಿಷದಲ್ಲಿ ಆವಿಯಾಗಿ ಮುಗಿದೊಡನೆ ಸ್ವಿಚ್ ಆರುತ್ತಿತ್ತು. ನೀರನ್ನೇ ಗಡಿಯಾರ ಮಾಡಿಕೊಂಡ ಆ ಯುಕ್ತಿ ಇವತ್ತಿನ ಸಾದಾ ಮಾದರಿಗಳಲ್ಲೂ ಉಳಿದಿದೆ. ಅದು ತಯಾರಾದದ್ದು ಜಪಾನಿನ ಗಿಡ್ಡ, ಅಂಟು ಅಕ್ಕಿಗೆ. ನಮ್ಮ ಸೋನಾ ಮಸೂರಿಗೆ ಹೊಂದಿಸಿಕೊಳ್ಳುವ ಕೆಲಸ ನಮ್ಮದೇ.

ಹೆಜ್ಜೆ 1: ಒಂದು ವಾರ ಬರೆದಿಡಿ

ಅಡುಗೆಮನೆಯ ಕ್ಯಾಲೆಂಡರಿನ ಮೇಲೇ ಬರೆದರೆ ಸಾಕು. ಪ್ರತಿ ಸಲ ಅನ್ನಕ್ಕಿಟ್ಟಾಗ ಎಷ್ಟು ಅಕ್ಕಿ, ಅದರ ಜೊತೆ ಕುಕ್ಕರಿನಲ್ಲಿ ಬೇಳೆ ಅಥವಾ ತರಕಾರಿ ಇತ್ತೇ, ಇಟ್ಟವರು ಯಾರು, ಆ ಹೊತ್ತಿಗೆ ಕರೆಂಟ್ ಇತ್ತೇ ಎಂದು ಗುರುತು ಹಾಕಿ. ತಳ ಹಿಡಿದದ್ದು, ಕೂಗು ಎಣಿಸಲು ಮರೆತದ್ದು, ಒಲೆ ಖಾಲಿ ಇಲ್ಲದೆ ಕಾದದ್ದು ಆಗಿದ್ದರೆ ಅದನ್ನೂ ಬರೆಯಿರಿ.

ವಾರದ ಕೊನೆಗೆ ಚಿತ್ರ ತಾನಾಗಿ ಮೂಡುತ್ತದೆ. ದಿನಾ ಒಂದು ಹೊತ್ತು ಮುದ್ದೆ, ಇನ್ನೊಂದು ಹೊತ್ತು ಒಂದು ಹಿಡಿ ಅನ್ನ ಎನ್ನುವ ಮನೆಗೂ ಮೂರು ಹೊತ್ತೂ ಅನ್ನವೇ ಆಗಬೇಕೆನ್ನುವ ಕರಾವಳಿಯ ಮನೆಗೂ ಒಂದೇ ಸಲಹೆ ಕೊಡಲಾಗದು. ಜೋಳದ ರೊಟ್ಟಿ ಉಂಡ ಮೇಲೆ ಕೊನೆಗೆ ಎರಡು ತುತ್ತು ಅನ್ನ-ಸಾರು ಎನ್ನುವ ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲಿ ಅನ್ನಕ್ಕೆಂದು ಯಂತ್ರ ಇಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ದೊಡ್ಡ ಪಾತ್ರೆಯಲ್ಲಿ ತೀರಾ ಕಡಿಮೆ ಅಕ್ಕಿ ಹಾಕಿದರೆ ನೀರು ಬೇಗ ಆವಿಯಾಗಿ ಅಗುಳು ಗಟ್ಟಿಯಾಗಿಯೇ ಉಳಿದು, ತಳ ಮಾತ್ರ ಕೆಂಪಾಗುತ್ತದೆ.

ಹೆಜ್ಜೆ 2: ಬೇಳೆ ಎಲ್ಲಿ ಬೇಯುತ್ತದೆ ಎಂದು ಕೇಳಿಕೊಳ್ಳಿ

ನಮ್ಮ ಮನೆಗಳಲ್ಲಿ ತೀರ್ಮಾನ ಆಗುವುದು ಹೆಚ್ಚಾಗಿ ಈ ಪ್ರಶ್ನೆಯ ಮೇಲೇ. ನಮ್ಮಲ್ಲಿ ರೈಸ್ ಕುಕ್ಕರಿನ ನಿಜವಾದ ಎದುರಾಳಿ ಪ್ರೆಶರ್ ಕುಕ್ಕರ್. ಅದರ ಬಲ ಇರುವುದು ಒಂದರ ಮೇಲೊಂದು ಇಡುವ ಪಾತ್ರೆಗಳಲ್ಲಿ. ಕೆಳಗೆ ತೊಗರಿಬೇಳೆ, ಮೇಲೆ ಅಕ್ಕಿ, ಅದರ ಮೇಲಿನ ತಟ್ಟೆಯಲ್ಲಿ ಆಲೂಗಡ್ಡೆಯೋ ಬೀಟ್‌ರೂಟೋ. ಮೂರು ಕೂಗಿಗೆ ಸಾರು, ಅನ್ನ, ಪಲ್ಯ ಮೂರಕ್ಕೂ ತಯಾರಿ ಮುಗಿಯಿತು. ಒಳಗಿನ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಹಳೇ ಬೇಳೆಯೂ ಹಣ್ಣಾಗಿ ಬೇಯುತ್ತದೆ.

ರೈಸ್ ಕುಕ್ಕರಿನಲ್ಲಿ ಆ ಒತ್ತಡ ಇಲ್ಲ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆಗೇ. ಅನ್ನಕ್ಕೆ ಅದು ಸಾಕು. ತೊಗರಿಬೇಳೆಗೆ, ಕಡಲೆಗೆ, ಹುರುಳಿಗೆ ಸಾಲದು. ಆದ್ದರಿಂದ ದಿನಾ ಬೇಳೆಸಾರು, ಹುಳಿ ಮಾಡುವ ಮನೆಯಲ್ಲಿ ರೈಸ್ ಕುಕ್ಕರ್ ತಂದರೂ ಪ್ರೆಶರ್ ಕುಕ್ಕರ್ ಒಲೆಯಿಂದ ಇಳಿಯುವುದಿಲ್ಲ. ಒಂದು ಪಾತ್ರೆಯ ಬದಲು ಎರಡು ತೊಳೆಯುತ್ತೀರಿ, ಅಷ್ಟೇ. ನಿಮ್ಮ ವಾರದ ಪಟ್ಟಿಯಲ್ಲಿ ಬಹುಪಾಲು ದಿನ ಅನ್ನ-ಬೇಳೆ ಒಟ್ಟಿಗೇ ಬೆಂದಿದ್ದರೆ, ಆ ವ್ಯವಸ್ಥೆ ನಿಮಗೆ ತೊಂದರೆಯನ್ನೂ ಕೊಡದಿದ್ದರೆ, ಇಲ್ಲಿಗೇ ನಿಲ್ಲಿಸಬಹುದು. ದುಡ್ಡು ಉಳಿಯಿತು.

ಬಿಸಿಬೇಳೆಬಾತ್, ಪೊಂಗಲ್ ಮಾಡಬಹುದೆಂದು ಡಬ್ಬದ ಮೇಲೆ ಬರೆದಿರುತ್ತದೆ. ಹೆಸರುಬೇಳೆಯ ಪೊಂಗಲ್ ನೀರು ಹೆಚ್ಚು ಹಾಕಿದರೆ ಆಗುತ್ತದೆ, ನಡುವೆ ಒಮ್ಮೆ ಕೈಯಾಡಿಸಬೇಕು. ತೊಗರಿಬೇಳೆಯ ಬಿಸಿಬೇಳೆಬಾತ್ ಮಾತ್ರ ಪ್ರೆಶರ್ ಕುಕ್ಕರಿನಲ್ಲೇ ಮಾಡಿ. ನೀರು ತುಂಬಿದ ಸಾರನ್ನು ಇದರಲ್ಲಿಟ್ಟರೆ ನೀರು ಮುಗಿಯುವವರೆಗೆ ಕುದಿಯುತ್ತಲೇ ಇರುತ್ತದೆ. ನೀವೇ ಬಂದು ಆರಿಸಬೇಕು.

ಮಾತು ಬೇರೆಯಾಗುವುದು ಇಂಥಲ್ಲಿ: ಬೇಳೆಯನ್ನು ಎರಡು-ಮೂರು ದಿನಕ್ಕೊಮ್ಮೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟು, ಅನ್ನವನ್ನಷ್ಟೇ ಆಗಿಂದಾಗ್ಗೆ ಮಾಡಿಕೊಳ್ಳುವ ಮನೆ. ಮೀನುಸಾರು, ಕೋಳಿಸಾರು, ಗೊಜ್ಜು, ತಂಬುಳಿ, ಮಜ್ಜಿಗೆಹುಳಿಯಂಥವು ಹೆಚ್ಚಾಗಿರುವ ಮನೆ. ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ, ಪುಳಿಯೋಗರೆ ಕಟ್ಟುವ ಮನೆ. ಇಲ್ಲೆಲ್ಲ ಅನ್ನ ಒಂಟಿಯಾಗಿ ಬೇಯುವುದರಿಂದ ರೈಸ್ ಕುಕ್ಕರಿಗೆ ಮಾಡಲು ಕೆಲಸವಿದೆ.

ಹೆಜ್ಜೆ 3: ಇಂಧನ ಉಳಿಯುತ್ತದೆ ಎಂಬ ಆಸೆ ಬಿಡಿ, ಲೆಕ್ಕ ಹಾಕಿ ನೋಡಿ

ಅಂಗಡಿಯವರು ಹೇಳುವ ಮೊದಲ ಮಾತೇ ಗ್ಯಾಸ್ ಉಳಿತಾಯ. ಲೆಕ್ಕ ಸರಳ. 700 ವಾಟಿನ ಕುಕ್ಕರ್ 25 ನಿಮಿಷ ಉರಿದರೆ ಸುಮಾರು 0.3 ಯುನಿಟ್. ದಿನಕ್ಕೊಂದು ಸಲವಾದರೆ ತಿಂಗಳಿಗೆ 9 ಯುನಿಟ್. ಯುನಿಟ್ಟಿಗೆ ತೆರಿಗೆ ಎಲ್ಲ ಸೇರಿ 6-7 ರೂಪಾಯಿ ಎಂದಿಟ್ಟುಕೊಂಡರೆ 60 ರೂಪಾಯಿಯ ಸುತ್ತಮುತ್ತ. ಅದೇ ಅನ್ನವನ್ನು ದೊಡ್ಡ ಬರ್ನರಿನ ಮೇಲೆ ಪ್ರೆಶರ್ ಕುಕ್ಕರಿನಲ್ಲಿ 10 ನಿಮಿಷ ಇಟ್ಟರೆ ಹೆಚ್ಚುಕಡಿಮೆ 30 ಗ್ರಾಂ ಗ್ಯಾಸ್ ಹೋಗುತ್ತದೆ, ತಿಂಗಳಿಗೆ 900 ಗ್ರಾಂ. 14.2 ಕೆಜಿ ಸಿಲಿಂಡರಿಗೆ 900 ರೂಪಾಯಿ ಎಂದಾದರೆ ಅದೂ 60 ರೂಪಾಯಿಯ ಆಸುಪಾಸೇ. ನಿಮ್ಮ ಊರಿನ ದರ ಹಾಕಿ ನೋಡಿ, ಐದು-ಹತ್ತು ರೂಪಾಯಿ ಆಚೀಚೆ ಆಗಬಹುದು. ಆ ಗ್ಯಾಸಿನಲ್ಲೇ ಬೇಳೆಯೂ ಬೆಂದಿದ್ದರೆ ಗ್ಯಾಸೇ ಅಗ್ಗ.

ಹೊತ್ತಿನ ಲೆಕ್ಕವೂ ಹೀಗೇ. ಪ್ರೆಶರ್ ಕುಕ್ಕರ್ ಕೂಗಿ ಮುಗಿಸಲು 10-12 ನಿಮಿಷ, ಒತ್ತಡ ತಾನಾಗಿ ಇಳಿಯಲು ಇನ್ನೊಂದು 10-15. ರೈಸ್ ಕುಕ್ಕರಿಗೆ 25ರಿಂದ 35 ನಿಮಿಷ, ಆಮೇಲೆ 10 ನಿಮಿಷ ಮುಚ್ಚಿಯೇ ಬಿಟ್ಟರೆ ಅಗುಳು ಹದವಾಗುತ್ತದೆ. ಯಾವುದೂ ದೊಡ್ಡದಾಗಿ ಗೆಲ್ಲುವುದಿಲ್ಲ.

ಇನ್ನು ಗೃಹಜ್ಯೋತಿ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. 2023ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಎಲ್ಲರಿಗೂ 200 ಯುನಿಟ್ ಪುಕ್ಕಟೆ ಸಿಗುತ್ತದೆ ಎಂದುಕೊಂಡವರಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಕಟ್ಟಿದ್ದಾರೆ. ಮಿತಿ ದಾಟಿದರೆ ಹೆಚ್ಚಿನ ಯುನಿಟ್ಟಿಗೆ ದುಡ್ಡು ಕೊಡಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲೇ ನಿಮ್ಮ ಮೇಲೆ. ಎರಡು ಹೊತ್ತು ರೈಸ್ ಕುಕ್ಕರ್ ಉರಿದರೆ ತಿಂಗಳಿಗೆ 18 ಯುನಿಟ್. ಈಗ 120ರಲ್ಲಿರುವವರು ಚಿಂತಿಸಬೇಕಿಲ್ಲ. ಬೇಸಿಗೆಯಲ್ಲಿ 185, 190ಕ್ಕೆ ಬಂದು ನಿಲ್ಲುವವರು ಹಳೇ ಬಿಲ್ಲುಗಳನ್ನು ಹರಡಿಕೊಂಡು ಕೂತು ಯೋಚಿಸಲೇಬೇಕು.

ಹಾಗಾದರೆ ಎರಡು ಸಾವಿರ ಕೊಟ್ಟು ಕೊಳ್ಳುವುದಾದರೂ ಏನನ್ನು? ಒಲೆಯ ಕಡೆ ಒಂದು ಕಿವಿ ಇಟ್ಟುಕೊಂಡೇ ಇರಬೇಕಾದ ಆ ಅರ್ಧ ಗಂಟೆಯನ್ನು. ಸ್ವಿಚ್ ಒತ್ತಿ ಮಗುವಿಗೆ ಸ್ನಾನ ಮಾಡಿಸಲು ಹೋಗಬಹುದು, ಸಂಜೆ ವಾಕಿಂಗಿಗೆ ಹೋಗಬಹುದು, ಆಫೀಸಿನ ಕರೆಯಲ್ಲಿ ಕೂರಬಹುದು. ಆ ಅರ್ಧ ಗಂಟೆಗೆ ನಿಮ್ಮ ಮನೆಯಲ್ಲಿ ಬೆಲೆ ಇದೆಯೇ ಎಂಬುದಷ್ಟೇ ಪ್ರಶ್ನೆ.

ಹೆಜ್ಜೆ 4: ಅಡುಗೆ ಮಾಡುವವರನ್ನು ನೋಡಿ

ಕಿವಿ ಮಂದವಾದ ಹಿರಿಯರು ಒಬ್ಬರೇ ಇರುವ ಮನೆಗೆ ನಾನು ಎರಡನೇ ಯೋಚನೆಯಿಲ್ಲದೆ ರೈಸ್ ಕುಕ್ಕರ್ ಕೊಡಿಸಿ ಎನ್ನುತ್ತೇನೆ. ಕೂಗು ಕೇಳಿಸದು, ಕೇಳಿಸಿದರೂ ಎರಡಾಯಿತೋ ಮೂರಾಯಿತೋ ನೆನಪಿರದು, ಬಿಗಿಯಾದ ಮುಚ್ಚಳ ತಿರುಗಿಸಲು ಬೆರಳುಗಳಲ್ಲಿ ಬಲವಿಲ್ಲ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಆತಂಕ. ತಾನಾಗಿ ಆರುವ ಒಂದು ಪಾತ್ರೆ ಇವೆಲ್ಲವನ್ನೂ ತೆಗೆದುಹಾಕುತ್ತದೆ. ಇಂಥ ಮನೆಗೆ ಒಂದೇ ಸ್ವಿಚ್ಚಿನ ಸಾದಾ ಮಾದರಿಯೇ ಆಗಬೇಕು. ಗುಂಡಿಗಳು, ಬೆಳಗುವ ಅಕ್ಷರಗಳು ತುಂಬಿದ ಡಿಜಿಟಲ್ ಮಾದರಿ ಬೇಡ. ಕೊಡಿಸಿದ ಮಕ್ಕಳು ಒಂದು ದಿನ ಜೊತೆಗಿದ್ದು, ಮನೆಯ ಲೋಟದಲ್ಲಿ ಎಷ್ಟು ಅಕ್ಕಿಗೆ ಎಷ್ಟು ನೀರು ಎಂದು ನೋಡಿ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬರಬೇಕು.

ಓದಲು, ಕೆಲಸಕ್ಕೆಂದು ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರಿಗೂ ಇದು ದೊಡ್ಡ ಆಸರೆ. ಅನ್ನ ಮಾಡಿಕೊಂಡರೆ ಸಾಕು, ಸಾರು ಹೊರಗಿಂದ ಬರುತ್ತದೆ, ಇಲ್ಲವೇ ಊರಿನಿಂದ ಬಂದ ಗೊಜ್ಜು, ಉಪ್ಪಿನಕಾಯಿ, ಮೊಸರಿನಲ್ಲಿ ಊಟ ಮುಗಿಯುತ್ತದೆ. ಪಿಜಿಯಲ್ಲಿರುವವರು ಮಾತ್ರ ಮಾಲೀಕರನ್ನು ಮೊದಲೇ ಕೇಳಿ. ಬಹಳ ಕಡೆ ಬಿಸಿ ಮಾಡುವ ಉಪಕರಣಗಳನ್ನು ಬಿಡುವುದಿಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವ, ಎರಡೇ ಬರ್ನರಿನ ಒಲೆಯ ಮನೆಯಲ್ಲಿ ಬೆಳಗಿನ ಏಳು ಗಂಟೆಗೆ ಒಂದು ಬರ್ನರ್ ಬಿಡುಗಡೆಯಾಗುವುದೇ ದೊಡ್ಡ ಲಾಭ. ಏಳೆಂಟು ಜನರ ಕೂಡುಕುಟುಂಬಕ್ಕೆ ನನ್ನ ಮತ ಬೇಡ ಎಂದೇ. ಅಲ್ಲಿ ದೊಡ್ಡ ಪ್ರೆಶರ್ ಕುಕ್ಕರ್ ಅಥವಾ ತಪ್ಪಲೆಯೇ ಸರಿ.

ಹೆಜ್ಜೆ 5: ನೀವು ತಿನ್ನುವ ಅಕ್ಕಿ ಯಾವುದು?

ಸೋನಾ ಮಸೂರಿ, ಬಾಸ್ಮತಿ, ಜೀರಿಗೆ ಸಣ್ಣದಂಥ ಬೆಳ್ತಿಗೆ ಅಕ್ಕಿಗಳು ರೈಸ್ ಕುಕ್ಕರಿಗೆ ಚೆನ್ನಾಗಿ ಒಗ್ಗುತ್ತವೆ. ಉದುರುದುರಾದ ಅನ್ನ ಬೇಕೆನ್ನುವವರಿಗೆ ಪ್ರೆಶರ್ ಕುಕ್ಕರಿಗಿಂತ ಇದೇ ವಾಸಿ. ಚಿತ್ರಾನ್ನಕ್ಕೆ, ಘೀ ರೈಸಿಗೆ ಅಗುಳು ಮುರಿಯದೆ ಬರುತ್ತದೆ. ಮೆತ್ತಗೆ ಬೆಂದು ಸಾರಿನಲ್ಲಿ ಕರಗುವಂಥ ಅನ್ನ ಇಷ್ಟಪಡುವವರು ನೀರು ಹೆಚ್ಚಿಸಬೇಕು. ಆದರೂ ಪ್ರೆಶರಿನ ಆ ಮೆತ್ತನೆ ಪೂರ್ತಿ ಬರುವುದಿಲ್ಲ.

ರಾಜಮುಡಿ, ಪಾಲಿಶ್ ಮಾಡದ ಕೆಂಪಕ್ಕಿಯಂಥವಕ್ಕೆ ಅರ್ಧ ಗಂಟೆಗೂ ಹೆಚ್ಚು ನೆನೆಸುವುದು, ಒಂದಕ್ಕೆ ಮೂರರಷ್ಟು ನೀರು ಇವೆರಡೂ ಬೇಕು. ಹಾಗೆ ಮಾಡಿದರೆ ಆಗುತ್ತದೆ.

ದಕ್ಷಿಣ ಕನ್ನಡ, ಉಡುಪಿ ಕಡೆಯ ಕುಚ್ಚಲಕ್ಕಿ ಉಣ್ಣುವವರು ಇಲ್ಲಿ ಸ್ವಲ್ಪ ನಿಲ್ಲಿ. ಕುಚ್ಚಲಕ್ಕಿಗೆ ಬೇಕಾದದ್ದು ಬೇಕಾದಷ್ಟು ನೀರು, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಬೇಯುವಿಕೆ, ಕೊನೆಗೆ ಗಂಜಿ ಬಸಿಯುವುದು. ರೈಸ್ ಕುಕ್ಕರ್ ಬಸಿಯುವ ಪದ್ಧತಿಗೆ ಹುಟ್ಟಿದ್ದಲ್ಲ. ಅಷ್ಟು ನೀರು ಹಾಕಿದರೆ ನೊರೆ ಉಕ್ಕಿ ಮುಚ್ಚಳದ ತೂತಿನಿಂದ ಕಟ್ಟೆಯ ಮೇಲೆಲ್ಲ ಗಂಜಿ ಹರಿಯುತ್ತದೆ. ಕಡಿಮೆ ಹಾಕಿದರೆ ಅಗುಳು ಬೇಯುವ ಮೊದಲೇ ಸ್ವಿಚ್ ಆರುತ್ತದೆ. ರಾತ್ರಿಯಿಡೀ ನೆನೆಸಿ, ಪಾತ್ರೆಯ ಅರ್ಧಕ್ಕಿಂತ ಕಡಿಮೆ ತುಂಬಿಸಿ, ಎರಡು ಸಲ ಸ್ವಿಚ್ ಒತ್ತಿ ಮಾಡಿಕೊಳ್ಳುವವರೂ ಇದ್ದಾರೆ, ಆದರೆ ಆ ಅವಸ್ಥೆಗೆ ಯಂತ್ರ ಯಾಕೆ? ನಿಮಗೆ ಒಪ್ಪುವುದು ಕೇರಳ, ಕರಾವಳಿಯ ಅಂಗಡಿಗಳಲ್ಲಿ ಸಿಗುವ ಥರ್ಮಲ್ ಕುಕ್ಕರ್. ಸ್ಟೀಲ್ ಪಾತ್ರೆಯಲ್ಲಿ ಅಕ್ಕಿಯನ್ನು ಸ್ವಲ್ಪ ಹೊತ್ತು ಗ್ಯಾಸಿನ ಮೇಲೆ ಕುದಿಸಿ, ಬಿಸಿ ಹೊರಹೋಗದ ದಪ್ಪ ಡಬ್ಬದೊಳಗೆ ಇಟ್ಟು ಮುಚ್ಚಿದರೆ, ಉಳಿದ ಬೇಯುವಿಕೆ ತನ್ನ ಬಿಸಿಯಲ್ಲೇ ಆಗುತ್ತದೆ. ಗಂಜಿಯನ್ನೂ ಬಸಿಯಬಹುದು, ಕರೆಂಟಿನ ಹಂಗೂ ಇಲ್ಲ.

ಹೆಜ್ಜೆ 6: ನಿಮ್ಮ ಮನೆಗೆ ಬರುವ ಕರೆಂಟ್ ಎಂಥದ್ದು?

ಅಡುಗೆಯ ಹೊತ್ತಿಗೇ ಕರೆಂಟ್ ಹೋಗುವ ಊರಾದರೆ ಯೋಚಿಸಿ. ಆಯಸ್ಕಾಂತದ ಸಾದಾ ಮಾದರಿಯಲ್ಲಿ ಕರೆಂಟ್ ಬಂದ ತಕ್ಷಣ ಬೇಯುವುದು ಮುಂದುವರಿಯುತ್ತದೆ, ಒತ್ತಿದ ಸ್ವಿಚ್ ಒತ್ತಿದಂತೆಯೇ ಇರುತ್ತದೆ. ಐದು-ಹತ್ತು ನಿಮಿಷದ ಕಟ್‌ಗೆ ತೊಂದರೆಯಿಲ್ಲ, ಒಂದು ಗಂಟೆ ಹೋದರೆ ಅನ್ನ ಮುದ್ದೆಯಾಗುತ್ತದೆ. ಮನೆಯ ಸಾಮಾನ್ಯ ಯುಪಿಎಸ್ ನಂಬಿ ಕೊಳ್ಳಬೇಡಿ. ಅದು ದೀಪ, ಫ್ಯಾನಿಗೆ ಇರುವುದು.

ಹಳ್ಳಿಗಳಲ್ಲಿ ಕರೆಂಟ್ ಹೋಗುವುದಕ್ಕಿಂತ ದೊಡ್ಡ ತೊಡಕು ವೋಲ್ಟೇಜ್. ಬಿಸಿ ಮಾಡುವ ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಬರಬೇಕಾದಲ್ಲಿ 180 ಬಂದರೆ 700 ವಾಟಿನ ಕುಕ್ಕರಿನಿಂದ ಸಿಗುವುದು 430 ವಾಟ್ ಅಷ್ಟೇ. ಅರ್ಧ ಗಂಟೆಯ ಅನ್ನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕಾಗಿ, ಅಕ್ಕಿ ಬಿಸಿನೀರಿನಲ್ಲಿ ನೆನೆದು ಅಂಟಂಟಾಗುತ್ತದೆ. ನಿರಂತರ ಜ್ಯೋತಿಯ ಲೈನು, ಅಂದರೆ ಪಂಪ್‌ಸೆಟ್ಟುಗಳಿಂದ ಬೇರ್ಪಡಿಸಿ ಮನೆಗಳಿಗೆಂದೇ ಎಳೆದ ಲೈನು, ಇರುವ ಊರೊಳಗಿನ ಮನೆಗಳಿಗೆ ಇದು ಅಷ್ಟಾಗಿ ಕಾಡದು. ಪಂಪ್‌ಸೆಟ್ ಲೈನಿನಿಂದಲೇ ಕರೆಂಟ್ ಪಡೆಯುವ ತೋಟದ ಮನೆಗಳಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಪ್ಲಗ್ ಪಾಯಿಂಟನ್ನೂ ನೋಡಿ. 700 ವಾಟ್ ಎಂದರೆ ಸುಮಾರು 3 ಆಂಪಿಯರ್, ಮಾಮೂಲಿ 6 ಆಂಪಿಯರಿನ ಪಾಯಿಂಟ್ ತಾಳುತ್ತದೆ. ಆದರೆ ಮೂರು ಪಿನ್ನಿನ ಅರ್ಥ್ ಸರಿ ಇರಬೇಕು. ಮಿಕ್ಸಿ, ಕೆಟಲ್, ರೈಸ್ ಕುಕ್ಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸುವುದು ಅಪಾಯ.

ಹೊರದೇಶಕ್ಕೆ ಓದಲು ಹೊರಟ ಮಕ್ಕಳ ಪೆಟ್ಟಿಗೆಗೆ ರೈಸ್ ಕುಕ್ಕರ್ ತುರುಕುವ ತಂದೆತಾಯಿಗಳಿಗೆ ಒಂದು ಮಾತು. ಅಮೆರಿಕ, ಕೆನಡಾಗಳಲ್ಲಿ ಬರುವುದು 120 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಅಲ್ಲಿ ಕಾಲು ಭಾಗದಷ್ಟು ಶಕ್ತಿಯಲ್ಲಿ ಕುಂಟುತ್ತದೆ, ಅನ್ನ ಬೇಯುವುದಿಲ್ಲ. ಅಲ್ಲಿಯೇ ಕೊಂಡುಕೊಳ್ಳಲಿ. ಅಲ್ಲಿಂದ ತಂದದ್ದನ್ನು ಇಲ್ಲಿ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಬಹುತೇಕ ಕೊಲ್ಲಿ ದೇಶಗಳು, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ವೋಲ್ಟೇಜ್ ನಮ್ಮಂತೆಯೇ ಇರುವುದರಿಂದ ಪ್ಲಗ್ ಬದಲಿಸಿಕೊಂಡರೆ ಸಾಕು.

ಹೆಜ್ಜೆ 7: ಬೇಕೆಂದು ತೀರ್ಮಾನವಾದರೆ, ಗಾತ್ರ ಮತ್ತು ಮಾದರಿ

ಡಬ್ಬದ ಮೇಲಿನ ಲೀಟರ್ ನೋಡಿ ಮೋಸ ಹೋಗಬೇಡಿ. ಎಲ್ಲ ಕಂಪನಿಗಳೂ ಲೀಟರನ್ನು ಒಂದೇ ರೀತಿ ಅಳೆಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಗರಿಷ್ಠ ಎಷ್ಟು ಹಸಿ ಅಕ್ಕಿ ಹಾಕಬಹುದು? ಒಬ್ಬರು, ಇಬ್ಬರಿಗೆ 500-600 ಗ್ರಾಂ ಹಿಡಿಯುವುದು ಧಾರಾಳ. ನಾಲ್ಕೈದು ಜನಕ್ಕೆ ಒಂದು ಕೆಜಿ ಹಿಡಿಯುವುದನ್ನು ಕೊಳ್ಳಿ. ಯಾವತ್ತೋ ನೆಂಟರು ಬಂದಾರೆಂದು ಎರಡೂವರೆ ಲೀಟರಿನದು ತಂದರೆ ದಿನದ ಸಣ್ಣ ಅಡುಗೆ ಕೆಡುತ್ತದೆ.

ಜೊತೆಗೆ ಬರುವ ಪ್ಲಾಸ್ಟಿಕ್ ಲೋಟ ಸಾಮಾನ್ಯವಾಗಿ 180 ಮಿಲಿಯದು, ಅದು ಜಪಾನಿನ ಅಳತೆ. ಅದರಲ್ಲಿ ಹಿಡಿಯುವುದು ಸುಮಾರು 150 ಗ್ರಾಂ ಅಕ್ಕಿ. ನಿಮ್ಮ ಮನೆಯ ಪಾವು ಅದಕ್ಕಿಂತ ದೊಡ್ಡದಿರಬಹುದು, ಆದ್ದರಿಂದ ಅಕ್ಕಿ ಒಂದರಲ್ಲಿ, ನೀರು ಇನ್ನೊಂದರಲ್ಲಿ ಅಳೆಯಬೇಡಿ.

ಬೆಲೆ ಹೇಳುವುದಾದರೆ, ಸಣ್ಣ ಸಾದಾ ಮಾದರಿ ಒಂದೂವರೆಯಿಂದ ಎರಡು ಸಾವಿರದ ಆಸುಪಾಸು, ಒಂದು ಕೆಜಿ ಅಕ್ಕಿ ಹಿಡಿಯುವುದು ಎರಡರಿಂದ ಮೂರೂವರೆ ಸಾವಿರ. ಡಿಜಿಟಲ್ ಮಾದರಿಗಳು ಐದು ಸಾವಿರದಿಂದ ಮೇಲೆ. ನಮ್ಮ ದಿನನಿತ್ಯದ ಅನ್ನಕ್ಕೆ ಸಾದಾ ಮಾದರಿಯೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಡಿಜಿಟಲ್‌ನ ಆಕರ್ಷಣೆ ಟೈಮರ್. ರಾತ್ರಿ ಅಕ್ಕಿ-ನೀರು ಹಾಕಿಟ್ಟು ಬೆಳಿಗ್ಗೆ ಆರಕ್ಕೆ ಅನ್ನ. ಚಳಿಗಾಲದಲ್ಲಿ ಸರಿ. ಏಪ್ರಿಲ್-ಮೇಯ ಸೆಖೆಯಲ್ಲಿ ರಾತ್ರಿಯಿಡೀ ನೆನೆದ ಅಕ್ಕಿ ಹುಳಿ ವಾಸನೆ ಹಿಡಿಯುತ್ತದೆ. ಐದು-ಆರು ಸಾವಿರ ಖರ್ಚು ಮಾಡಲು ತಯಾರಿದ್ದರೆ ವಿದ್ಯುತ್ ಪ್ರೆಶರ್ ಕುಕ್ಕರನ್ನು ನೋಡಿ. ಬೇಳೆ, ಅನ್ನ ಎರಡೂ ಬೇಯುತ್ತವೆ, ತಾನಾಗಿಯೂ ಆರುತ್ತದೆ. ಎರಡನೇ ಹೆಜ್ಜೆಯಲ್ಲಿ ಬೇಳೆಯ ಕಾರಣಕ್ಕೆ ಬೇಡವೆಂದವರಿಗೆ ಉತ್ತರ ಅದರಲ್ಲಿದೆ.

ಒಳಪಾತ್ರೆ ಅಲ್ಯೂಮಿನಿಯಂ, ನಾನ್‌ಸ್ಟಿಕ್ ಲೇಪದ್ದು, ಸ್ಟೀಲಿನದು ಎಂದು ಮೂರು ಬಗೆ ಸಿಗುತ್ತದೆ. ಲೇಪದ್ದರಲ್ಲಿ ಅನ್ನ ಅಂಟುವುದಿಲ್ಲ, ಆದರೆ ಸ್ಟೀಲ್ ಸೌಟು ತಾಗಿಸುವ ಮನೆಯಲ್ಲಿ ಲೇಪ ಬೇಗ ಏಳುತ್ತದೆ. ಸ್ಟೀಲು ಬಾಳಿಕೆ, ತಳದಲ್ಲಿ ಒಂದು ಪದರ ಅಂಟಿ ಹೋಗುವುದನ್ನು ಒಪ್ಪಿಕೊಳ್ಳಬೇಕು.

ಅಂಗಡಿಯಲ್ಲಿ ಕೈಯಿಂದ ನೋಡಬೇಕಾದದ್ದು ಇಷ್ಟು. ಪಾತ್ರೆ ಎತ್ತಿ ನಡುವಿನ ಗುಂಡಿ ಒತ್ತಿ, ಸಲೀಸಾಗಿ ಕುಣಿಯಬೇಕು. ಪಾತ್ರೆಯ ತಳವನ್ನು ಸಮತಟ್ಟಾದ ಕಡೆ ಇಟ್ಟು ನೋಡಿ, ಅಲುಗಬಾರದು. ಒಳಪಾತ್ರೆ ಬಿಡಿಯಾಗಿ ಸಿಗುತ್ತದೆಯೇ, ರಿಪೇರಿ ನಿಮ್ಮ ಊರಿನಲ್ಲೇ ಆಗುತ್ತದೆಯೇ ಎಂದು ಕೇಳಿ. ಎರಡು ಪಾತ್ರೆ ಕೊಡುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹೆಜ್ಜೆ 8: ಮೊದಲ ವಾರದ ಹದ

ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಮೂರು ಸಲ ತೊಳೆಯಿರಿ. ಒಳಪಾತ್ರೆಯಲ್ಲೇ ಉಜ್ಜಿ ತೊಳೆದರೆ ಗೀರು ಬೀಳುತ್ತದೆ. 20 ನಿಮಿಷ ನೆನೆಸಿ. ಹಳೇ ಸೋನಾ ಮಸೂರಿಗೆ ಒಂದಕ್ಕೆ ಎರಡೂವರೆ ನೀರಿನಿಂದ ಶುರು ಮಾಡಿ, ಹೊಸ ಅಕ್ಕಿಗೆ ಎರಡು ಸಾಕು, ಬಾಸ್ಮತಿಗೆ ಒಂದೂವರೆ. ಪಾತ್ರೆಯ ಒಳಗಿನ ಗೆರೆಗಳನ್ನು ನಂಬಿ ಹಾಕಿದ ನೀರು ನಮ್ಮ ಬಾಯಿಗೆ ಸ್ವಲ್ಪ ಗಟ್ಟಿ ಅನ್ನವನ್ನೇ ಕೊಡುತ್ತದೆ. ಅರ್ಧ ಚಮಚ ಎಣ್ಣೆಯೋ ತುಪ್ಪವೋ ಹಾಕಿದರೆ ನೊರೆ ಉಕ್ಕುವುದು ತಗ್ಗುತ್ತದೆ.

ಪಾತ್ರೆ ಇಡುವ ಮುನ್ನ ಅದರ ಹೊರತಳವನ್ನು ಒಣಬಟ್ಟೆಯಿಂದ ಒರೆಸಿ. ಬಿಸಿತಟ್ಟೆಯ ಮೇಲೆ ಒಂದೇ ಒಂದು ಒಣಗಿದ ಅಗುಳು ಕೂತಿದ್ದರೂ ಪಾತ್ರೆ ಒಂದು ಕಡೆ ಎದ್ದು ನಿಂತು, ನಡುವಿನ ಗುಂಡಿಗೆ ಸರಿಯಾಗಿ ತಾಗುವುದಿಲ್ಲ. ಒಂದು ಮಗ್ಗುಲು ಸೀಯುತ್ತದೆ, ಇನ್ನೊಂದು ಮಗ್ಗುಲು ನುಚ್ಚಾಗಿ ಉಳಿಯುತ್ತದೆ. ರಿಪೇರಿಗೆ ಹೋಗುವ ಎಷ್ಟೋ ಕುಕ್ಕರುಗಳ ಕಾಯಿಲೆ ಇಷ್ಟೇ.

ಬೆಂದ ಮೇಲೆ ಸ್ವಿಚ್ 'ವಾರ್ಮ್'ಗೆ ಹೋಗುತ್ತದೆ. ಒಂದೆರಡು ಗಂಟೆ ಅಲ್ಲಿಡಬಹುದು, ಆಮೇಲೆ ಅಂಚಿನ ಅನ್ನ ಒಣಗಿ ಹಳದಿಯಾಗುತ್ತದೆ. ಪ್ಲಗ್ ತೆಗೆದು ಅನ್ನವನ್ನು ಅದರಲ್ಲೇ ರಾತ್ರಿಯಿಡೀ ಬಿಡುವುದು ಮಾತ್ರ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಹೋಗದೇ ಉಳಿಯಬಹುದು. ನಾಳೆಯ ಚಿತ್ರಾನ್ನಕ್ಕೆಂದು ಉಳಿಸುವ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ ಮೂರು ಅಡುಗೆ ಮಾಡಿ ನೋಡಿ: ದಿನದ ಅಳತೆಯ ಅನ್ನ, ನೀವು ಮಾಡುವ ಅತಿ ಕಡಿಮೆ ಅಳತೆಯ ಅನ್ನ, ಪಾತ್ರೆ ತುಂಬಾ ಅನ್ನ. ನೀರು ಸರಿಪಡಿಸಿದ ಮೇಲೂ ಒಂದೇ ಮಗ್ಗುಲು ಸೀಯುತ್ತಿದ್ದರೆ, ಸ್ವಿಚ್ ಆರದಿದ್ದರೆ, ಹೊರಮೈ ಮುಟ್ಟಿದಾಗ ಜುಮ್ಮೆಂದರೆ ಆ ದಿನವೇ ಪ್ಲಗ್ ತೆಗೆದು ಹಿಂದಕ್ಕೆ ಕೊಡಿ. ಮೂರೂ ಸರಿಯಾಗಿ ಬಂದರೆ ಡಬ್ಬ ಬಿಸಾಡಬಹುದು. ಬಿಲ್ಲು, ವಾರಂಟಿ ಚೀಟಿಯ ಫೋಟೊ ತೆಗೆದಿಡಿ, ಅಂಗಡಿ ಬಿಲ್ಲಿನ ಶಾಯಿ ವಾರಂಟಿಗಿಂತ ಮೊದಲೇ ಮಾಸುತ್ತದೆ.